ಹ್ಯಾಂಬರ್ಗ್‌ನ ಬೆಣ್ಣೆ

ಮದುವೆಯಾಗಿ ವರ್ಷ ತುಂಬುವ ಮೊದಲೇ ನಾನು ನನ್ನ ಮಾವನವರ ಜೊತೆ, ನಾವಿಬ್ಬರೇ, ಜರ್ಮನಿಗೆ ಹೋಗಿಬಂದೆ. ಇದನ್ನು ಈಗಲೂ ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ "ಗಂಡ ಎಲ್ಲಿದ್ದ?" ಅಂತ ಕೇಳುತ್ತಾರೆ. ಗಂಡ ಚಳ್ಳಕೆರೆಯ ಮನೆಯಲ್ಲಿ, ಹಿಂದಿನ ಕೋಣೆಯಲ್ಲಿ, ಬೇವಿನ ಸೊಪ್ಪಿನ ಮೇಲೆ ಮಲಗಿದ್ದರು. ಹೊರಡುವುದಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಅವರಿಗೆ ಮೈಮೇಲೆ ಅಮ್ಮ ಎದ್ದು, ಮುಖ, ಎದೆ, ಬೆನ್ನು ಎಲ್ಲ ನೀರುಗುಳ್ಳೆ. ಮೂರು ಜನಕ್ಕೆ ವೀಸಾ ಆಗಿತ್ತು, ಟಿಕೆಟ್ ಆಗಿತ್ತು. ಮೂರರಲ್ಲಿ ಇಂಗ್ಲಿಷ್ ಬರುತ್ತಿದ್ದವರು ಗಂಡ ಮತ್ತು ನಾನು. ಗಂಡ ಹಾಸಿಗೆ ಹಿಡಿದ ಮೇಲೆ ನಾನೊಬ್ಬಳೇ ಉಳಿದೆ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆಯವರದು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು. ಹಳೆಯ ಗಾಣಯಂತ್ರ ತೆಗೆದು ಹೊಸದು ಹಾಕಬೇಕು ಅನ್ನುವುದು ಮಾವನವರ ಹಟ. ಹ್ಯಾಂಬರ್ಗ್‌ನ ಒಂದು ಕಂಪನಿಯವರು ಪುಸ್ತಕ ಕಳಿಸಿದ್ದರು, ಬಣ್ಣಬಣ್ಣದ ಚಿತ್ರಗಳಿದ್ದವು. ಮಾವನವರು ಚಿತ್ರ ನೋಡಿ ಎಮ್ಮೆಯನ್ನೂ ಕೊಳ್ಳುವವರಲ್ಲ. "ಯಂತ್ರ ಓಡೋದ್ನ ಕಣ್ಣಿಂದ ನೋಡ್ಬೇಕು, ಎಣ್ಣೆ ಕೈಯಾಗೆ ಹಿಡೀಬೇಕು, ಆಮ್ಯಾಲೆ ಮಾತು," ಅಂದುಬಿಟ್ಟಿದ್ದರು.

ನಾನು ಮೊಳಕಾಲ್ಮೂರಿನವಳು. ಅಪ್ಪನದು ರೇಷ್ಮೆ ಸೀರೆಯ ವ್ಯಾಪಾರ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಸಿಟ್ಟು ಬಂದರೆ ಎರಡೂ. ಅತ್ತೆಗೆ ಅದೇ ಒಂದು ಅನುಮಾನ. ಆಂಧ್ರದ ಗಡಿಯಲ್ಲಿ ಬೆಳೆದವಳು, ಯಾರ ಮನೆಯಲ್ಲಿ ಏನು ತಿಂದಿದ್ದಾಳೋ, ಯಾವ ಪಾತ್ರೆ ಮುಟ್ಟಿದ್ದಾಳೋ. ನಾವೂ ಅವರ ಹಾಗೆಯೇ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಜನ, ಮೊಟ್ಟೆಯನ್ನೂ ಮನೆಯೊಳಗೆ ತರುವವರಲ್ಲ. ಆದರೂ ಮದುವೆಯಾದ ಹೊಸದರಲ್ಲಿ ಅವರು ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ತರಕಾರಿ ಹೆಚ್ಚು, ಶೇಂಗಾ ಸುಲಿ, ಅಷ್ಟೆ. ನನ್ನ ಹೆಸರು ಹಿಡಿದು ಕರೆದದ್ದೂ ಕಡಿಮೆ. ಬೇರೆಯವರ ಹತ್ತಿರ ಮಾತಾಡುವಾಗ ನಾನು 'ಮೊಳಕಾಲ್ಮೂರ್ದೋಳು.' ಹೊರಡುವ ಎರಡು ತಿಂಗಳ ಹಿಂದಷ್ಟೇ ಅನ್ನಕ್ಕೆ ಎಸರಿಡು ಅಂದಿದ್ದರು. ನಾನದನ್ನು ಅವ್ವನಿಗೆ ಫೋನು ಮಾಡಿ ಹೇಳಿದ್ದೆ, ಪರೀಕ್ಷೆ ಪಾಸಾದವಳ ಹಾಗೆ.

ಹೊರಡುವ ದಿನ ಅತ್ತೆ ಒಣರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ತಂಬಿಟ್ಟು, ಚಕ್ಕುಲಿ ಎಲ್ಲ ಚೀಲಕ್ಕೆ ತುಂಬಿ, ನನ್ನನ್ನು ಮೂಲೆಗೆ ಕರೆದರು.

"ನಿಮ್ಮ ಮಾವ ಇವತ್ತಿನತಂಕ ಹೋಟ್ಲಾಗೆ ಉಂಡೋರಲ್ಲ. ಅವ್ರ ಬಾಯಿಗೆ ಏನು ಹೋಗ್ತೈತೆ ಅನ್ನೋದು ಇನ್ನ ನಿನ್ ಕೈಯಾಗೈತೆ. ನೆಪ್ಪಿಟ್ಕ."

ನೆನಪಿಟ್ಟುಕೊಂಡೆ. ಅದರ ಭಾರಕ್ಕೆ ವಿಮಾನದಲ್ಲಿ ನನಗೆ ನಿದ್ದೆಯೂ ಬರಲಿಲ್ಲ.

ಅಲ್ಲಿಗೆ ಹೋಗಿ ಇಳಿದ ಮೇಲೆ ನನಗೆ ಮೊದಲು ಗಾಬರಿಯಾದದ್ದು ಜರ್ಮನಿಯನ್ನು ನೋಡಿ ಅಲ್ಲ, ಹೋಟೆಲಿನ ತಿಂಡಿಯ ಮೇಜನ್ನು ನೋಡಿ. ಎರಡೇ ಕುರ್ಚಿ, ಎದುರುಬದುರು. ನಮ್ಮ ಮನೆಯಲ್ಲಿ ಸೊಸೆ ಮಾವನೆದುರು ಕೂರುವುದಿಲ್ಲ. ಮಾತಾಡಬೇಕಾದರೆ ಬಾಗಿಲ ಮರೆಯಲ್ಲಿ ನಿಂತು, ಅದೂ ಎರಡು ಮಾತು. ಉಣ್ಣುವುದಂತೂ ಗಂಡಸರೆಲ್ಲ ಎದ್ದ ಮೇಲೆ. ಹತ್ತು ತಿಂಗಳಲ್ಲಿ ನಾನು ಅವರ ಮುಖವನ್ನು ನೇರವಾಗಿ ನೋಡಿದ್ದು ಕಡಿಮೆ. ಈಗ ಅವರ ಮೂಗು, ಮೂಗಿನ ಮೇಲಿನ ಮಚ್ಚೆ, ಎಲ್ಲ ಒಂದು ಮೊಳದ ದೂರದಲ್ಲಿ! ನಾನು ಸೆರಗು ಎಳೆದುಕೊಂಡು ನಿಂತೇ ಇದ್ದೆ. ಸುತ್ತಲಿನವರು ನೋಡತೊಡಗಿದರು. ಮಾವನವರು ಬ್ರೆಡ್ಡಿನ ಕಡೆ ನೋಡುತ್ತಾ, "ಕೂತ್ಕಮ್ಮ. ಇಲ್ಲಿ ನಮ್ಮೋರ್ಯಾರಿದಾರೆ ನೋಡೋಕೆ," ಅಂದರು. ಕೂತೆ. ಆದರೆ ತಿನ್ನುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ತಿಂದೆ, ಕತ್ತು ನೋವು ಬರುವಷ್ಟು.

ಆ ತಿಂಡಿಯ ಕೋಣೆಯ ಇನ್ನೊಂದು ಗೋಡೆಯುದ್ದಕ್ಕೂ ತಟ್ಟೆ ತಟ್ಟೆ ಗುಲಾಬಿ ಬಣ್ಣದ ಮಾಂಸ, ತೆಳ್ಳಗೆ ಕೊಯ್ದು ಹೂವಿನ ಹಾಗೆ ಜೋಡಿಸಿಟ್ಟಿದ್ದರು. ಬೆಳಗಿನ ಏಳು ಗಂಟೆಗೆ! ಬೆಳ್ಳಗಿನ ಕೂದಲಿನ ಒಬ್ಬ ಅಜ್ಜಿ, ನೋಡಿದರೆ ಕೈ ಮುಗಿಯಬೇಕು ಅನ್ನಿಸುವಂಥವಳು, ಒಂದರ ಮೇಲೊಂದು ಆರು ತುಂಡು ಹಾಕಿಕೊಂಡು ಹೋದಳು. ನಾವು ಬಾಳೆಹಣ್ಣು ತಿಂದು ಕೋಣೆಗೆ ಬಂದು ರೊಟ್ಟಿಯ ಕಟ್ಟು ಬಿಚ್ಚಿದೆವು.

ಜೂನ್ ತಿಂಗಳು. ಮೊದಲ ದಿನ ಸಂಜೆ ಮಾವನವರು ಕತ್ತಲಾಗಲಿ, ಪೂಜೆ ಮಾಡಿ ಉಣ್ಣೋಣ ಅಂತ ಕಾದರು. ಎಂಟಾಯಿತು, ಒಂಬತ್ತಾಯಿತು, ಹೊರಗೆ ಬಿಸಿಲು ಹಾಗೇ ಇದೆ. ನನ್ನ ಕೋಣೆಯ ಬಾಗಿಲು ತಟ್ಟಿ, "ಇಲ್ಲಿ ಸೂರ್ಯ ಮುಳುಗ್ತಾನೋ ಇಲ್ಲೋ ಕೆಳಗೆ ಕೇಳಮ್ಮ," ಅಂದರು. ತಮಾಷೆಗಲ್ಲ, ನಿಜವಾಗಿಯೇ. ಕೇಳಿದೆ. ಕೌಂಟರಿನ ಹುಡುಗಿ ನನ್ನನ್ನು ನೋಡಿದ ರೀತಿಗೆ ಈಗಲೂ ಮೈ ಉರಿಯುತ್ತದೆ.

ಎರಡು ದಿನ ಯಂತ್ರದ ಕಾರ್ಖಾನೆಯಲ್ಲಿ ಕಳೆಯಿತು. ಅಲ್ಲಿ ಮಾವನವರು ಗೆದ್ದರು. ಅವರ ಮೂಗಿನ ವಿಷಯ ಚಳ್ಳಕೆರೆಯ ಮಂಡಿಯಲ್ಲಿ ಎಲ್ಲರಿಗೂ ಗೊತ್ತು. ಎಣ್ಣೆಯ ಒಂದು ಹನಿ ಅಂಗೈಗೆ ಬಿಟ್ಟು, ಎರಡೂ ಅಂಗೈ ಬಿಸಿಯಾಗುವಂತೆ ಉಜ್ಜಿ, ಮೂಗಿಗೆ ಹಿಡಿದರೆ ಸಾಕು, ಶೇಂಗಾ ಹೊಸದೋ ಹಳೆಯದೋ, ಎಣ್ಣೆಗೆ ಹತ್ತಿಬೀಜದ್ದು ಬೆರೆಸಿದ್ದಾರೋ, ಎಲ್ಲ ಹೇಳುತ್ತಿದ್ದರು. ಅಲ್ಲಿನ ಇಂಜಿನಿಯರು ಹೊಸ ಯಂತ್ರದಿಂದ ಇಳಿದ ಎಣ್ಣೆ ಕೊಟ್ಟ. ಮಾವನವರು ಉಜ್ಜಿ, ಮೂಸಿ, "ಬೀಜ ಒಂಚೂರು ಜಾಸ್ತಿ ಬಿಸಿ ಮಾಡೀರಿ ಅಂತ ಹೇಳು," ಅಂದರು. ನಾನು ಹೇಳಿದೆ. ಇಂಜಿನಿಯರು ಒಳಗೆ ಹೋಗಿ ಶಾಖ ತೋರಿಸುವ ಮುಳ್ಳು ನೋಡಿಕೊಂಡು ಬಂದು, ಮಾವನವರ ಎರಡೂ ಕೈ ಹಿಡಿದು ಕುಲುಕಿದ. ಆ ಖುಷಿಗೆ ಇವರು ನಮ್ಮ ರೊಟ್ಟಿಯ ಕಟ್ಟು, ಚಟ್ನಿಪುಡಿ ಎಲ್ಲವನ್ನೂ ಕಾರ್ಖಾನೆಯವರಿಗೆ ಹಂಚಿಬಿಟ್ಟರು! ಒಬ್ಬ ಚಟ್ನಿಪುಡಿಯನ್ನು ಚಮಚದಲ್ಲಿ ತಿಂದು ಕಣ್ಣೀರು ಸುರಿಸುತ್ತಾ ನಿಂತ. ನನಗೆ ನಗು ಬರಲಿಲ್ಲ. ಇನ್ನೆರಡು ದಿನ ಏನು ತಿನ್ನುವುದು ಅಂತ ಖಾಲಿ ಚೀಲವನ್ನೇ ನೋಡುತ್ತಾ ನಿಂತೆ.

ನನ್ನ ಮುಖ ನೋಡಿ ಆ ಇಂಜಿನಿಯರಿಗೇ ಅರ್ಥವಾಗಿರಬೇಕು. ಒಂದು ಕಾಗದದ ಮೇಲೆ ಅವರ ಭಾಷೆಯಲ್ಲಿ ದೊಡ್ಡದಾಗಿ ಬರೆದುಕೊಟ್ಟ: ಈ ಇಬ್ಬರು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ದಯವಿಟ್ಟು ಗಮನಿಸಿ. ಹೋಟೆಲಿನಲ್ಲಿ ಏನಾದರೂ ಹೇಳುವ ಮುಂಚೆ ಇದನ್ನು ತೋರಿಸಿ ಅಂದ. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡೆ. ಅತ್ತೆ ಒಪ್ಪಿಸಿದ ಕೆಲಸಕ್ಕೆ ಒಂದು ಆಯುಧ ಸಿಕ್ಕಿತು ಅಂದುಕೊಂಡೆ.

ಶನಿವಾರ ಊರು ನೋಡಲು ಹೊರಟೆವು. ನಾನು ನೈಲಾನ್ ಸೀರೆಯ ಮೇಲೆ ಗಂಡನ ಸ್ವೆಟರು, ಮಾವನವರು ಬಿಳಿ ಪಂಚೆ, ಮೇಲೆ ಉದ್ದ ಕೋಟು, ಹಣೆಯಲ್ಲಿ ವಿಭೂತಿ. ಒಂದು ಚರ್ಚಿನ ಗೋಪುರ ಹತ್ತಿದೆವು. ಮೇಲಿನಿಂದ ನೋಡಿದರೆ ಊರಿನ ತುಂಬ ನೀರು. ನದಿ, ಕಾಲುವೆ, ಕೆರೆ. ಮಾವನವರು ಬಾಯಿ ತೆರೆದು ನಿಂತುಬಿಟ್ಟರು. "ಇಷ್ಟು ನೀರಿಟ್ಕಂಡು ಇವ್ರು ಆಲೂಗಡ್ಡಿ ಬೆಳೀತಾರಲ್ಲ!" ಅಂದರು, ಒಂಥರಾ ಸಿಟ್ಟಿನಲ್ಲೇ.

ಬಂದರಿನ ಹತ್ತಿರ ಒಂದು ಗುಮ್ಮಟದ ಕಟ್ಟಡ. ಒಳಗೆ ಹೋದರೆ ಕೋಣೆಯಷ್ಟು ದೊಡ್ಡ ಲಿಫ್ಟು. ಜನದ ಜೊತೆ ಒಂದು ಕಾರೂ ಒಳಗೆ ಬಂದು ನಿಂತಿತು. ಕಾರಿಗೂ ಲಿಫ್ಟು! ನಾನು ಗೋಡೆಗೆ ಒರಗಿಕೊಂಡೆ. ಕೆಳಗಿಳಿದರೆ ಬಿಳಿ ಬಿಲ್ಲೆಗಳ ಉದ್ದ ಸುರಂಗ. ಅದು ನದಿಯ ಅಡಿಯಿಂದ ಆ ದಡಕ್ಕೆ ಹೋಗುತ್ತದಂತೆ, ಹಾಗಂತ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಓದಿ ಹೇಳಿದೆ. ನಾವು ವೇದಾವತಿ ಹೊಳೆಯನ್ನು ಚಪ್ಪಲಿ ಕಾಲಲ್ಲೇ ಮರಳಿನ ಮೇಲೆ ದಾಟುವ ಜನ. ಮಾವನವರು ತಲೆಯೆತ್ತಿ ಸೂರನ್ನು ನೋಡಿದರು.

"ಅಂದ್ರೆ ಈಗ ನಮ್ಮ ತಲಿ ಮ್ಯಾಲೆ ಹಡಗು ಹೋಗ್ತಿರ್ತೈತಾ?"

"ಹೂಂ ಮಾವ."

ಅವರು ಎದೆಯ ಮೇಲಿನ ಲಿಂಗದ ಮೇಲೆ ಕೈಯಿಟ್ಟುಕೊಂಡು, ಬಿರಬಿರನೆ ಆ ತುದಿಗೆ ನಡೆದರು. ಹಿಂತಿರುಗುವಾಗ ಸುರಂಗ ಬೇಡವೇ ಬೇಡ ಅಂತ ದೋಣಿಯಲ್ಲಿ ಬಂದೆವು.

ಅಲ್ಲಿಂದ ಮೆಟ್ಟಿಲು ಹತ್ತಿ ಯಾವುದೋ ರಸ್ತೆಗೆ ಬಂದೆ. ದಾರಿ ತೋರಿಸುವವಳು ನಾನೇ, ನಕಾಶೆ ನನ್ನ ಕೈಯಲ್ಲೇ. ನೂರು ಹೆಜ್ಜೆ ನಡೆದ ಮೇಲೆ ನೋಡುತ್ತೇನೆ, ಎರಡೂ ಕಡೆ ಅಂಗಡಿಗಳ ಗಾಜಿನಲ್ಲಿ ಬಟ್ಟೆಯಿಲ್ಲದ ಹೆಂಗಸರ ಆಳೆತ್ತರದ ಚಿತ್ರಗಳು! ನನ್ನ ಕಿವಿ ಕಾದುಹೋಯಿತು. ಪಕ್ಕದಲ್ಲಿ ಮಾವನವರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತಾ ನಡೆದರು, ನಾನು ನಕಾಶೆಯಲ್ಲಿ ಮುಖ ಹುದುಗಿಸಿಕೊಂಡು ನಡೆದೆ. ರಸ್ತೆ ಮುಗಿದ ಮೇಲೆ ಅವರು ಕೆಮ್ಮಿ, "ಈ ಕಡೀಗೆ ಬಿಸ್ಲು ಜಾಸ್ತಿ, ಕಣ್ಣು ಬಿಡೋಕೇ ಆಗಲ್ಲ," ಅಂದರು. ಮೋಡ ಕವಿದಿತ್ತು. ಅವರಲ್ಲಿ ಇಂಥ ಜಾಣತನ ಇದೆ ಅಂತ ನನಗೆ ಗೊತ್ತಾದದ್ದು ಆಗಲೇ.

ಹಸಿವು ತಡೆಯಲಾಗಲಿಲ್ಲ. ಕಾಲುವೆಯ ಪಕ್ಕದಲ್ಲಿ ಮರದ ಮೇಜುಗಳ ಒಂದು ಹೋಟೆಲು. ಕೂತೆವು. ನಾನು ಕಾಗದ ತೆಗೆಯಬೇಕು ಅಂತ ಪರ್ಸಿಗೆ ಕೈ ಹಾಕುವಷ್ಟರಲ್ಲಿ ಬಡಿಸುವವನು ಬಂದು, ನಾವು ಏನೂ ಕೇಳದೆಯೇ, ಒಂದು ಬುಟ್ಟಿ ಕಪ್ಪು ಬ್ರೆಡ್ಡು, ಒಂದು ಮಣ್ಣಿನ ಬಟ್ಟಲು ಇಟ್ಟು ಹೋದ. ಬಟ್ಟಲಲ್ಲಿ ಬೆಳ್ಳಗಿನ ಬೆಣ್ಣೆ, ಅದರೊಳಗೆ ಕಂದು ಚೂರುಗಳು. ಎಲ್ಲಾ ಮೇಜಿನ ಮೇಲೂ ಅದಿತ್ತು, ನಮ್ಮಲ್ಲಿ ಕೂತ ಕೂಡಲೇ ನೀರು ಇಡುವ ಹಾಗೆ. ಕಾಗದ ಊಟ ಹೇಳುವಾಗ ತೋರಿಸಿದರಾಯಿತು ಅಂದುಕೊಂಡೆ. ಇದೇ ನಾನು ಮಾಡಿದ ತಪ್ಪು. ನಿಜ ಹೇಳಬೇಕೆಂದರೆ ಇನ್ನೂ ಒಂದಿದೆ. ಆ ಬಡಿಸುವ ಹುಡುಗ ಇನ್ನೂ ಪಕ್ಕದ ಮೇಜಿನ ಹತ್ತಿರವೇ ಇದ್ದ. ಕರೆದು ಇದೇನು ಅಂತ ಕೇಳಬಹುದಿತ್ತು. ಮಾವನೆದುರಿಗೆ ಪರಗಂಡಸನ್ನು ಕೂಗಿ ಕರೆಯಲು ನನಗೆ ನಾಚಿಕೆಯಾಯಿತು.

ಮಾವನವರು ಬಟ್ಟಲು ಹತ್ತಿರ ಎಳೆದುಕೊಂಡರು. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಅಂಗೈಗೆ ಹಚ್ಚಿ, ಕಾರ್ಖಾನೆಯಲ್ಲಿ ಮಾಡಿದ ಹಾಗೆಯೇ ಉಜ್ಜಿದರು, ಮೂಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು.

"ಎಮ್ಮಿದಲ್ಲ, ಆಕಳ ಬೆಣ್ಣೆ. ಈರುಳ್ಳಿ ಹುರ್ದು ಹಾಕ್ಯಾರೆ. ಈ ಚೂರು ತುಪ್ಪ ಕಾಸಿದಾಗ ತಳದಾಗೆ ಉಳೀತೈತಲ್ಲ, ಅದು. ಉಪ್ಪು ಹದವಾಗೈತೆ."

ಎಣ್ಣೆಯ ಮನುಷ್ಯ ಹೇಳಿದ ಮೇಲೆ ಇನ್ನೇನು? ಜೀವಮಾನವಿಡೀ ಶೇಂಗಾ, ಕುಸುಬೆ, ಹತ್ತಿಬೀಜ ಮೂಸಿದ ಮೂಗು ಅದು. ಬೇರೆ ಯಾವುದನ್ನೂ ಮೂಸಿಯೇ ಇರಲಿಲ್ಲ ಅನ್ನುವುದು ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ. ಅವರು ಬ್ರೆಡ್ಡಿಗೆ ದಪ್ಪಗೆ ಸವರಿ, ಮೊದಲ ತುತ್ತನ್ನು ಎಂದಿನಂತೆ ಎದೆಯ ಲಿಂಗಕ್ಕೆ ಮುಟ್ಟಿಸಿ, ಬಾಯಿಗಿಟ್ಟರು. ನಾಲ್ಕು ತುಂಡು ತಿಂದರು. ನಾನು ಎರಡು ತಿಂದೆ. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೂರು ದಿನದಲ್ಲಿ ಮೊದಲ ಸಲ ನಾನು ಮುಖ ತಿರುಗಿಸಿಕೊಳ್ಳದೆ, ಅವರೆದುರೇ ಕೂತು ತಿಂದೆ.

ನಮ್ಮಲ್ಲಿ ತಟ್ಟೆಯಲ್ಲಿ ಒಂದಗುಳೂ ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿಯುತ್ತೇವೆ. ಮಾವನವರು ಬ್ರೆಡ್ಡಿನ ತಟ್ಟೆಗೂ ಹಾಗೆಯೇ ಮಾಡಿದರು, ಬೆಣ್ಣೆಯ ಬಟ್ಟಲಿಗೂ ಹಾಗೆಯೇ. ಮೇಜಿನ ಮೇಲಿನ ಬಾಟಲಿಯಲ್ಲಿದ್ದದ್ದು ಸೋಡಾ ನೀರು. ಬಟ್ಟಲಲ್ಲಿ ಬುಸಬುಸ ಉಕ್ಕಿತು. ಉಕ್ಕುತ್ತಿರುವಾಗಲೇ ಎತ್ತಿ ಕುಡಿದರು. ಪಕ್ಕದ ಮೇಜಿನವರು ಮಾತು ನಿಲ್ಲಿಸಿ ನೋಡಿದರು.

ಆಮೇಲೆ ಬಡಿಸುವವನು ಬಂದ. ನಾನು ಹೆಮ್ಮೆಯಿಂದ ಕಾಗದ ಬಿಚ್ಚಿ ತೋರಿಸಿದೆ. ಅವನು ಓದಿದ. ಓದಿ ಖಾಲಿ ಬಟ್ಟಲು ನೋಡಿದ. ಮಾವನವರ ಹಣೆಯ ವಿಭೂತಿ ನೋಡಿದ. ಮತ್ತೆ ಕಾಗದ ಓದಿದ. ಬರೀ ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ ತಂದುಕೊಟ್ಟ, ಕಾಯಿಲೆಯವರಿಗೆ ಕೊಡುವಷ್ಟು ಜೋಪಾನವಾಗಿ. ಮಾವನವರು, "ಆ ಬೆಣ್ಣೆ ಇನ್ನೊಂಚೂರು ಕೇಳಮ್ಮ," ಅಂದರು. ನಾನು ಬಟ್ಟಲು ತೋರಿಸಿ ಕೇಳಿದೆ. ಹುಡುಗ ಕೆಂಪಗಾಗಿ, ತಲೆ ಅಲ್ಲಾಡಿಸಿ, ಬಟ್ಟಲನ್ನೇ ಎತ್ತಿಕೊಂಡು ಹೋದ.

"ಮುಗಿದೈತೆ ಕಾಣ್ತೈತೆ," ಅಂದರು ಮಾವ.

ಮರುದಿನ ಸಂಜೆಗೆ ವಿಮಾನ. ಮಾವನವರಿಗೆ ಒಂದೇ ಆಸೆ, ಆ ಬೆಣ್ಣೆಯನ್ನು ಊರಿಗೆ ಒಯ್ಯಬೇಕು. "ನಿಮ್ಮತ್ತೆ ಬೆಣ್ಣೆ ತನ್ನಂಗೆ ಯಾರಿಗೂ ಕಡಿಯೋಕೆ ಬರಲ್ಲ ಅಂತಾಳಲ್ಲ, ತಿಂದು ನೋಡ್ಲಿ!" ಭಾನುವಾರ ಊರಿಗೆ ಊರೇ ಬಾಗಿಲು ಹಾಕಿತ್ತು. ಅಷ್ಟು ದೊಡ್ಡ ಪಟ್ಟಣದಲ್ಲಿ ಒಂದು ಬಾಳೆಹಣ್ಣೂ ಸಿಗುವುದಿಲ್ಲ ಅಂದರೆ ನಂಬಲಿಕ್ಕಾಗಲಿಲ್ಲ. ಕೊನೆಗೆ ರೈಲ್ವೆ ಸ್ಟೇಷನ್ನಿನ ಒಳಗೆ ಅಂಗಡಿಗಳು ತೆರೆದಿವೆ ಅಂತ ಗೊತ್ತಾಗಿ ಹೋದೆವು. ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಅದೇ ಬಿಳುಪು, ಅದೇ ಕಂದು ಚೂರು, ಡಬ್ಬಿಗಳಲ್ಲಿ.

"ಅದೇ! ಅದೇ!" ಮಾವನವರು ಮಗುವಿನ ಹಾಗೆ ಗಾಜಿಗೆ ಬೆರಳೊತ್ತಿದರು.

ಅಂಗಡಿಯ ಹೆಂಗಸು, ದಪ್ಪನೆಯ ನಗುಮುಖದವಳು, ಎರಡು ಡಬ್ಬಿ ತೆಗೆದಿಟ್ಟಳು. ನನಗೇಕೋ ಹಿಂದಿನ ದಿನದ ಆ ಹುಡುಗನ ಮುಖ ನೆನಪಾಯಿತು. ಪರ್ಸಿನಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ಓದಿದವಳೇ ಎರಡೂ ಡಬ್ಬಿಗಳನ್ನು ಹಿಂದಕ್ಕೆ ಎಳೆದುಕೊಂಡಳು. ಜೋರಾಗಿ ತಲೆಯಾಡಿಸುತ್ತಾ ಏನೇನೋ ಹೇಳಿದಳು. ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲ. ಮಾವನವರಿಗೆ ಇವಳು ತಪ್ಪು ತಿಳಿದುಕೊಂಡಿದ್ದಾಳೆ ಅನ್ನಿಸಿತು. "ಬೆಣ್ಣೆ, ಬೆಣ್ಣೆ" ಅನ್ನುತ್ತಾ, ಗಾಳಿಯಲ್ಲಿ ಎರಡೂ ಕೈಯಿಂದ ಹಸುವಿನ ಹಾಲು ಕರೆದು ತೋರಿಸಿದರು.

ಅವಳಿಗೆ ಅರ್ಥವಾಯಿತು. ಇಲ್ಲ ಅಂತ ಬೆರಳಾಡಿಸಿದಳು. ಡಬ್ಬಿಯನ್ನು ತೋರಿಸಿದಳು. ಆಮೇಲೆ ಒಂದು ಬೆರಳಿಂದ ತನ್ನ ಮೂಗಿನ ತುದಿಯನ್ನು ಮೇಲಕ್ಕೊತ್ತಿ, ಹಂದಿಯ ಹಾಗೆ ಗುರ್ ಗುರ್ ಅಂತ ಸದ್ದು ಮಾಡಿದಳು. ಎರಡು ಸಲ. ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು.

"ಅಯ್ಯೋ ದೇವುಡಾ!" ಅಂತ ನನ್ನ ಬಾಯಿಂದ ತೆಲುಗೇ ಬಂತು. ಹಂದಿಯ ಕೊಬ್ಬು. ಮಾವನವರು ಬಟ್ಟಲು ತೊಳೆದು ಕುಡಿದಿದ್ದರು.

ಮಾವನವರು ಕೂಗಾಡಲಿಲ್ಲ. ಅವಳಿಗೆ ಕೈಮುಗಿದು, ಅಂಗಡಿಯಿಂದ ಹೊರಗೆ ಬಂದು, ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತರು. ಕೈ ಎದೆಯ ಮೇಲಿತ್ತು. ರೈಲೊಂದು ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು.

"ಲಿಂಗಕ್ಕೆ ಮುಟ್ಟಿಸಿ ತಿಂದ್ನಲ್ಲಮ್ಮ," ಅಂದರು.

ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ. ಎಲ್ಲ ಹೇಳಿದೆ. ಕಾಗದ ಮೊದಲೇ ತೋರಿಸಬೇಕಿತ್ತು, ತೋರಿಸಲಿಲ್ಲ. ಆ ಹುಡುಗನನ್ನು ಕೇಳಬೇಕಿತ್ತು, ನಿಮ್ಮೆದುರು ನಾಚಿಕೆಯಾಯಿತು. ಅತ್ತೆ ಒಂದೇ ಒಂದು ಕೆಲಸ ಹೇಳಿದ್ದರು, ಅದನ್ನೂ ಕೆಡಿಸಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ.

"ನೀನೆಷ್ಟು ತಿಂದೆ?"

"ಎರಡು."

"ಹೂಂ," ಅಂದರು. ಅಷ್ಟೆ. ಅಲ್ಲಿಂದ ಬೆಂಗಳೂರಿನವರೆಗೆ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ, ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವಾಗ ಹಿರಿಯೂರು ದಾಟಿದ ಮೇಲೆ ನಾನು ಮೈಲಿಗಲ್ಲು ಎಣಿಸತೊಡಗಿದೆ. ಅತ್ತೆಗೆ ಗೊತ್ತಾದ ಮೇಲೆ ನನಗೆ ಆ ಮನೆಯ ಒಲೆ ಸಿಗುವುದಿಲ್ಲ. ಒಲೆ ಹೋಗಲಿ, ಮಾವನಿಗೆ ಹಂದಿ ತಿನ್ನಿಸಿದ ಸೊಸೆ ಅಂತ ಚಳ್ಳಕೆರೆಗೆ ಗೊತ್ತಾಗುತ್ತದೆ, ಮೊಳಕಾಲ್ಮೂರಿಗೂ ಹೋಗುತ್ತದೆ, ಅಪ್ಪ ಅಂಗಡಿಯಲ್ಲಿ ತಲೆಯೆತ್ತಿ ಕೂರುವುದು ಹೇಗೆ? ನನ್ನ ತಂಗಿಗೆ ಗಂಡು ನೋಡುತ್ತಿದ್ದರು ಆಗ.

ಮನೆಗೆ ಬಂದು ಕಾಲು ತೊಳೆದು ಪಡಸಾಲೆಯಲ್ಲಿ ಕೂತಾಗ ಅತ್ತೆ ಕೇಳಿದ ಮೊದಲ ಪ್ರಶ್ನೆಯೇ ಅದು. "ಅಲ್ಲಿ ಊಟಕ್ಕೆಲ್ಲಾ ಏನು ಮಾಡಿದ್ರಿ?" ಎಲ್ಲರೂ ಇದ್ದರು. ನನ್ನ ಗಂಡ ಹಿಂದಿನ ಕೋಣೆಯಿಂದ ಎದ್ದುಬಂದು ಬಾಗಿಲಿಗೆ ಒರಗಿ ನಿಂತಿದ್ದರು.

"ಹಂದಿ ಕೊಬ್ಬು ತಿಂದ್ಬಂದೆ," ಅಂದರು ಮಾವನವರು.

ಅವರೇ ಮುಂದುವರಿಸಿದರು.

"ಬೆಣ್ಣೆ ಅಂದ್ಕಂಡೆ. ಇವ್ಳು ಬ್ಯಾಡ್ರಿ ಮಾವ, ಮೊದ್ಲು ಕೇಳಾಣ ಅಂತ ಹೇಳಿದ್ಲು. ನಾನೇ ನನ್ ಮೂಗಿನ ಜಂಬದಾಗೆ ಕೇಳ್ಲಿಲ್ಲ. ಇವ್ಳು ಮುಟ್ಲಿಲ್ಲ."

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ಒಮ್ಮೆ ನೋಡಿದರು. ಮುಚ್ಚಿಕೊಂಡೆ.

ಅತ್ತೆ ಅತ್ತರು, ಬೈದರು, ಎದೆ ಬಡಿದುಕೊಂಡರು. ಅದೆಲ್ಲ ಮಾವನವರಿಗೆ. "ನಮ್ಮ ಸೊಸೆ ಅಷ್ಟು ಹೇಳಿದ್ರೂ ಕೇಳ್ಲಿಲ್ಲಲ್ಲ ನೀವು!" ಅಂದರು. ನಮ್ಮ ಸೊಸೆ! ಹತ್ತು ತಿಂಗಳಲ್ಲಿ ಮೊದಲ ಸಲ. ಸಂಜೆ ಒಲೆಯ ಮುಂದೆ ಕೂರಲಾರದೆ, "ನೀನೇ ಮಾಡು ತಾಯಿ, ನನ್ ಕೈಲಾಗಲ್ಲ," ಅಂತ ಇಡೀ ಅಡುಗೆ ನನಗೆ ಬಿಟ್ಟರು.

ಆಮೇಲಿನ ಮೂರು ದಿನ ನಾನು ಪಟ್ಟ ಕಷ್ಟ ಯಾರಿಗೂ ಬೇಡ. ಮಾವನವರನ್ನು ಪಡಸಾಲೆಯ ಆಚೆ ಬೇರೆ ಕೂರಿಸಿ, ಬೇರೆ ತಟ್ಟೆಯಲ್ಲಿ ಬಡಿಸುತ್ತಿದ್ದರು. ಅದೇ ಕೊಬ್ಬು ತಿಂದ ನಾನು ಒಳಗೆ ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ನನ್ನ ಕೊರಳಲ್ಲೂ ಲಿಂಗವಿತ್ತಲ್ಲ! ಅದನ್ನು ಮುಟ್ಟಿ ಪೂಜೆ ಮಾಡಲು ಕೈ ಬರುತ್ತಿರಲಿಲ್ಲ. ನನ್ನನ್ನು ಉಳಿಸಿದರು ಅಂತ ಮಾವನವರ ಮೇಲೆ ಪ್ರೀತಿ ಉಕ್ಕುತ್ತಿತ್ತು, ಹೀಗೆ ಕಳ್ಳಿಯನ್ನಾಗಿ ಮಾಡಿಟ್ಟರು ಅಂತ ಅಷ್ಟೇ ಕೋಪವೂ ಬರುತ್ತಿತ್ತು. ಗುರುವಾರ ಮಠದ ಅಯ್ಯನವರು ಬಂದು ಶುದ್ಧಿ ಮಾಡುತ್ತಾರೆ ಅಂದರು ಅತ್ತೆ. ಮಾವನವರಿಗೆ ಶುದ್ಧಿ. ನನಗೆ? ತಿಂದೇ ಇಲ್ಲ ಅಂದಮೇಲೆ ನನಗೆ ಯಾರು ಮಾಡುತ್ತಾರೆ? ಜೀವನವಿಡೀ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇರಬೇಕೇ ಅಂತ ಬಚ್ಚಲಲ್ಲಿ ನಿಂತು ಕಣ್ಣೀರು ಹಾಕಿದೆ.

ಅಯ್ಯನವರು ಬಂದರು. ಮಾವನವರು ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಕೂತಿದ್ದರು. ನಾನು ವಿಭೂತಿಯ ತಟ್ಟೆ ಹಿಡಿದು ಕಂಬದ ಹತ್ತಿರ ನಿಂತಿದ್ದೆ. ಧೂಪ ಹಾಕಿದ್ದರು. ಅಯ್ಯನವರ ಪಾದ ತೊಳೆದ ತೀರ್ಥವನ್ನು ಬಟ್ಟಲಿಗೆ ಹಿಡಿದು ಕೊಡುವ ಹೊತ್ತಿಗೆ ಮಾವನವರು ಕೈಯಡ್ಡ ಮಾಡಿದರು.

"ನನಗೊಬ್ನಿಗೇ ಬ್ಯಾಡ್ರಿ. ಮನಿಯೋರ್ಗೆಲ್ಲಾ ಆಗ್ಲಿ."

"ತಿಂದೋರಿಗೆ ಆದ್ರೆ ಸಾಕು ಯಜಮಾನ್ರೆ," ಅಂದರು ಅಯ್ಯನವರು.

"ಒಂದೇ ಮನ್ಯಾಗೆ ಉಸಿರಾಡ್ತೀವಿ. ನಾನು ಬಂದು ಮೂರು ದಿನ ಆತು. ಯಾರಿಗೆ ತಗುಲೈತೋ ಯಾರಿಗೆ ಬಿಟ್ಟೈತೋ ನನಗೆ ಗೊತ್ತಿಲ್ಲ. ಎಲ್ರೂ ಕೂಡ್ಲಿ."

"ನಾನ್ಯಾಕೆ?" ಅಂದರು ಅತ್ತೆ. "ನಾನು ಚಿತ್ರದುರ್ಗ ದಾಟಿದೋಳಲ್ಲ!"

"ಕೂತ್ಕ."

ಆ ಧ್ವನಿಗೆ ಅತ್ತೆ ಕೂತರು. ಮೈದುನ, ನಾದಿನಿಯರಿಬ್ಬರು, ಮುಖದ ತುಂಬ ಒಣಗಿದ ಗುಳ್ಳೆಯ ನನ್ನ ಗಂಡ, ಹಂದಿಯ ಕೊಬ್ಬು ಯಾವ ಬಣ್ಣ ಅಂತಲೂ ಗೊತ್ತಿಲ್ಲದವರೆಲ್ಲ ಸಾಲಾಗಿ ಕೂತರು. ಮಾವನವರು ನನ್ನ ಕೈಯಿಂದ ವಿಭೂತಿಯ ತಟ್ಟೆ ತೆಗೆದುಕೊಂಡು ನೆಲದ ಮೇಲಿಟ್ಟು, "ನೀನೂ," ಅಂದರು. ಅತ್ತೆಯ ಪಕ್ಕದಲ್ಲಿ ಕೂತೆ. ಅಯ್ಯನವರು ಒಬ್ಬೊಬ್ಬರ ಹಣೆಗೂ ವಿಭೂತಿ ಹಚ್ಚಿ, ಅಂಗೈಗೆ ತೀರ್ಥ ಬಿಡುತ್ತಾ ಬಂದರು. ನನ್ನ ಸರದಿ ಬಂದಾಗ ಅಂಗೈ ಸರಿಯಾಗಿ ಒಡ್ಡದೆ ಅರ್ಧ ನೆಲಕ್ಕೆ ಚೆಲ್ಲಿತು. ಅವರು ಮತ್ತೆ ಬಿಟ್ಟರು. ಕುಡಿದೆ. ಕುಡಿದವಳಿಗೆ ಅಳು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡರೂ ಸದ್ದು ಹೊರಗೆ ಬಂತು.

ಅತ್ತೆ ತಿರುಗಿ ನೋಡಿದರು. "ಅಲ್ಲ, ತಿಂದೋರೇ ಗಟ್ಟಿಯಾಗಿ ಕೂತಾರೆ. ಏನೂ ತಿನ್ನದೋಳು ಯಾಕೆ ಹಿಂಗಳ್ತಾಳೆ?"

ಮಾವನವರು ನನ್ನ ಕಡೆ ನೋಡಲಿಲ್ಲ. "ಹೊಗೆ ಕಣ್ಣಿಗೆ ಹತ್ತೈತೆ ಬಿಡು," ಅಂದು, ಎದ್ದುಬಂದು, ನನ್ನ ಮುಂದಿದ್ದ ಧೂಪದ ಬಟ್ಟಲನ್ನು ಆಚೆಗೆ ಸರಿಸಿದರು.